ಮೇಜಿನ ಖಾನೆಯಲ್ಲಿ ಉಳಿದ ನಡುಗಡಲು

ಇಸ್ಮಾಯಿಲ್ ಭಾಯಿ, ನಿಮ್ಮ ಬರಹವನ್ನು ಬೆಂಗಳೂರಿನವರು ತಿರಸ್ಕರಿಸಲಿಲ್ಲ. ನಾನು ಅದನ್ನು ಕಳಿಸಲೇ ಇಲ್ಲ.

ಎಂಟು ವರ್ಷವಾಯಿತು. ವಿದೇಶಿ ಮೀನುಗಾರಿಕೆ ಹಡಗಿನಲ್ಲಿ ಅಡುಗೆ ಮಾಡಿ ಔರಾದಿಗೆ ಮರಳಿದ್ದ ನೀವು, ಬೀದರಿನ ನಮ್ಮ ಪತ್ರಿಕಾ ಕಚೇರಿಗೆ ಐದು ಪುಟ ಬರೆದು ತಂದಿರಿ. ಯಾವ ದೇಶಕ್ಕೂ ಸೇರದ ನಡುಗಡಲಿನಲ್ಲಿ, ಹಡಗು ಎಲ್ಲಿದೆ ಎಂದು ತಿಳಿಸುವ ಯಂತ್ರವನ್ನು ಬಂದ್ ಮಾಡಿ ಬಲೆ ಎಳೆದದ್ದು. ಶಾರ್ಕ್‌ಗಳ ರೆಕ್ಕೆ ಕೊಯ್ದು, ಜೀವವಿರುವಾಗಲೇ ನೀರಿಗೆ ಎಸೆದದ್ದು. ಕೊನೆಯ ಸಾಲು: ‘ಆಳು ಸಾಲದಾದಾಗ ಚಾಕು ನಾನೂ ಹಿಡಿದೆ.’ ನಿಮ್ಮ ಹೆಸರು ಹಾಕಲೇಬೇಕು ಎಂದಿರಿ.

“ಬೀದರಿನ ಪುಟಕ್ಕ ಸಮುದ್ರ ಎಲ್ಲಿಂದ ತರ್ಲಿರಿ?” ಎಂದು ನಾನು ನಕ್ಕೆ.

“ಮೀನು ಬೀದರಕ್ಕೂ ಬರ್ತಾವಲ್ರಿ ಸಾಹೇಬ್ರ, ಬರಫಿನ್ಯಾಗ ಮಕ್ಕೊಂಡು. ನಾ ಮಾಡಿದ್ದು ತಪ್ಪಂತ ಒಂದ್ ಕಡೆ ಅಚ್ಚಾಗ್ಲಿ. ಅಷ್ಟ ಸಾಕು.”

“ಅಲ್ಲಿ ಯಾರ ಕಾನೂನೂ ಇಲ್ಲ. ಕಾನೂನ ಇಲ್ಲಂದ್ರ ತಪ್ಪು ಹ್ಯಾಂಗ ಆಗ್ತದ?”

ನಾನು ಹೇಳಿದ್ದು ಪೂರ್ತಿ ನಿಜವೂ ಅಲ್ಲ — ನಾನು ತಿಳಿದುಕೊಳ್ಳಲೂ ಹೋಗಲಿಲ್ಲ. ಜಿಲ್ಲೆಯ ಹೊರಗಿನ ಬರಹವನ್ನು ಬೆಂಗಳೂರಿನ ಕಚೇರಿಗೆ ಕಳಿಸುವುದು ನಮ್ಮ ಪದ್ಧತಿ. ಬೀದರಿನಿಂದ ಸಮುದ್ರದ ಸುದ್ದಿಯೇ ಎಂದು ಅಲ್ಲಿನವರು ನಗಬಹುದು — ನನಗೆ ಹೊಳೆದದ್ದು ಅಷ್ಟೇ. ಪುಟಗಳು ಮೇಜಿನ ಖಾನೆ ಸೇರಿದವು. ತಿಂಗಳು ಬಿಟ್ಟು ನೀವು ಬಂದಾಗ, “ಬೆಂಗಳೂರಿನವ್ರು ಬ್ಯಾಡ ಅಂದ್ರು,” ಎಂದೆ. ನೀವು ಪುಟಗಳನ್ನು ವಾಪಸ್ ಕೇಳಲೂ ಇಲ್ಲ — ಸಲಾಂ ಹೇಳಿ ಹೊರಟಿರಿ.

ಆಮೇಲೆ ಎಷ್ಟೋ ಸಲ, ಬಸ್ಸಿನ ಕಿಟಕಿಯಾಚೆ ತೊಗರಿ ಹೊಲ ಗಾಳಿಗೆ ಒಂದೇ ಕಡೆ ಬಾಗುವಾಗ, ಅದು ದಡವಿಲ್ಲದ ನೀರಾಗುತ್ತದೆ. ರೆಕ್ಕೆಯಿಲ್ಲದ ಮೀನುಗಳು ತಿರುಗುತ್ತ, ತಿರುಗುತ್ತ ಕೆಂಪು ಮಣ್ಣಿನೊಳಗೆ ಇಳಿಯುತ್ತವೆ. ಸದ್ದೇ ಇರುವುದಿಲ್ಲ — ಈಜಲಾರದ ಮೀನಿಗೆ ಆಳ ಎಂದರೆ ಏನೋ...

ಈ ವರ್ಷ ನಡುಗಡಲಿನ ಜೀವಸಂಕುಲವನ್ನು ಕಾಯುವ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದ ಸುದ್ದಿ ನನ್ನ ಮೇಜಿಗೆ ಬಂತು. ಎಂಟು ಸಾಲಿಗೆ ಇಳಿಸಿ ಹಾಕಿದೆ. ಮರುದಿನ ಭಾಲ್ಕಿಯ ಮಗಳ ಮನೆಯಿಂದ ನಿಮ್ಮ ಫೋನು.

“ಓದಿದೆ ಸಾಹೇಬ್ರ. ಈಗರೆ ಬೆಂಗಳೂರಿನವ್ರು ನಂದು ತಗೋತಾರೇನ್ರಿ?”

“ಕೇಳಿ ಹೇಳ್ತೇನಿ,” ಎಂದೆ. ಎರಡನೆಯ ಸಲವೂ ಬೆಂಗಳೂರಿನ ಹೆಸರಲ್ಲೇ ಸುಳ್ಳು.

ಈಗ ಭಾಲ್ಕಿಯ ಬಸ್ಸಿನಲ್ಲಿದ್ದೇನೆ. ಐದು ಪುಟಗಳು ತೊಡೆಯ ಮೇಲಿವೆ. ಅವುಗಳ ಕೆಳಗೆ ನಾನು ಬರೆದ ಈ ಪತ್ರ. ಮೊದಲು ನೀವು ಓದಿ. ನೀವು ಒಪ್ಪಿದರೆ ಎರಡನ್ನೂ ಒಟ್ಟಿಗೆ ಬೆಂಗಳೂರಿಗೆ ಕಳಿಸುತ್ತೇನೆ — ನಿಮ್ಮದಕ್ಕೆ ನಿಮ್ಮ ಹೆಸರು, ಇದಕ್ಕೆ ನನ್ನದು.