ಕುಂಟು ಸಿಪಿಲೆಯ ಹಾಜರಿ

ನಮ್ಮ ಪಾರ್ಕಿನ ಗುಮಾಸ್ತಣ್ಣ ಮೂವತ್ತು ವರ್ಷ ಕಾರ್ಖಾನೆಯೊಂದರಲ್ಲಿ ಕೆಲಸಗಾರರ ಹಾಜರಿ ಬರೆದವರು. ನಿವೃತ್ತರಾದ ಮೇಲೆ ವಲಸೆ ಹಕ್ಕಿಗಳ ಹಾಜರಿ ಹಿಡಿಯುತ್ತಿದ್ದಾರೆ. ಬೆಳಿಗ್ಗೆ ಆರಕ್ಕೆಲ್ಲ ಕೊಳದ ಬಳಿಯ ಬೆಂಚಿನಲ್ಲಿ ಹಾಜರ್. ತೊಡೆಯ ಮೇಲೆ ರಿಜಿಸ್ಟರು, ಕಿವಿಯ ಸಂದಿಯಲ್ಲಿ ಕೆಂಪು ಪೆನ್ನು. ಹೋದ ವರ್ಷದ ತಾರೀಖಿಗಿಂತ ಒಂದೇ ದಿನ ಹಿಂದೆ ಬಿದ್ದ ಹಕ್ಕಿಗೂ ‘ತಡ’ ಎಂದು ಕೆಂಪಕ್ಷರ ತಪ್ಪಿದ್ದಲ್ಲ. “ಪಾಪ, ಬಸ್ಸು ಸಿಗ್ಲಿಲ್ವೇನೋ, ಬಿಟ್ಬಿಡಿ ಗುಮಾಸ್ತಣ್ಣ” ಎಂದು ವಾಕಿಂಗಿನವರು ಕೆಣಕಿದರೆ, “ರೆಕ್ಕೆ ಇರೋರಿಗೆ ಬಸ್ಸಿನ ನೆಪ ಯಾಕ್ ಸ್ವಾಮಿ?” ಎನ್ನುತ್ತಾರೆ. ಏಳು ವರ್ಷಗಳಿಂದ ತಪ್ಪದೆ ಬರುತ್ತಿದ್ದ, ಬಾಲ ಕುಣಿಸುತ್ತ ಕುಂಟುವ ಬೂದು ಸಿಪಿಲೆ ಹಕ್ಕಿ ಈ ಸಲ ತನ್ನ ತಾರೀಖು ದಾಟಿ ಹನ್ನೊಂದು ದಿನ ಕಳೆದರೂ ಕಾಣಲಿಲ್ಲ. “ಗೈರುಹಾಜರಿ ಹಾಕ್ಬಿಡಿ ಅಣ್ಣ” ಎಂದ ಮಾಲಿಗೆ ಅವರು ರಿಜಿಸ್ಟರು ಮುಚ್ಚಿ, “ದಾರಿ ದೂರ ಕಣಯ್ಯಾ, ಅದಕ್ಕೆ ಕಾಲು ಬೇರೆ ಸರಿಯಿಲ್ಲ” ಎಂದು ಮೆಲ್ಲಗೆ ಹೇಳಿದರು. ಬೆಂಚಿನ ಇನ್ನೊಂದು ತುದಿಯಲ್ಲಿ ನೀಲಿ ಪೆನ್ನಿನಿಂದ ಪದಬಂಧ ತುಂಬುತ್ತಿದ್ದ ನಾನು ಅವತ್ತಿನ ಪ್ರಾರ್ಥನೆಯಲ್ಲಿ ಆ ಹಕ್ಕಿಯನ್ನೂ ಸೇರಿಸಿಕೊಂಡೆ. ಇಂದು ಬೆಳಿಗ್ಗೆ ಕೊಳದ ಕಲ್ಲಿನ ಮೇಲೆ ಅದು ಇಳಿದು ಕುಂಟುತ್ತ ನಡೆಯಿತು. ಗುಮಾಸ್ತಣ್ಣ ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಕೆಂಪು ಪೆನ್ನನ್ನು ಜೇಬಿಗಿಳಿಸಿ, ನನ್ನತ್ತ ತಿರುಗಿ, “ನಿಮ್ಮ ನೀಲಿ ಪೆನ್ನು ಕೊಡಿ ತಾಯಿ” ಎಂದರು. ಆಮೇಲೆ ಬರೆದರು: ‘ಸಮಯಕ್ಕೆ ಸರಿಯಾಗಿ ಬಂದಿದೆ.’