ಪೂರ್ತಿ ನಿದ್ದೆ ಬೇಕೆಂದಿದ್ದೆ

ಗಂಟು ಮೊದಲು ಕೈಗೆ ಸಿಕ್ಕಿದ್ದು ಸ್ನಾನ ಮಾಡುವಾಗ, ಎಡ ಎದೆಯಲ್ಲಿ. ತೊಗರಿ ಕಾಳಿನಷ್ಟಿತ್ತು. ನೋವಿರಲಿಲ್ಲ. ನೋವಿಲ್ಲದ್ದಕ್ಕೆ ಯಾರು ರಜೆ ಹಾಕುತ್ತಾರೆ? ಸುಮ್ಮನಿದ್ದೆ. ಬೀದರಿನಲ್ಲಿ ಬಯಾಪ್ಸಿ ಮಾಡುವ ಹೊತ್ತಿಗೆ ಅದು ಅಡಿಕೆಯಷ್ಟಾಗಿತ್ತು.

ಕ್ಯಾನ್ಸರ್. ಎದೆ ತೆಗೆಯಬೇಕು.

ನಾನು ಭಾಲ್ಕಿಯಲ್ಲಿ ಶಾಲೆ ಟೀಚರ್. ಮಳೆ ಕೈಕೊಟ್ಟು ವರ್ಷಗಳಾದವು. ನನ್ನ ತರಗತಿಯ ಅರ್ಧ ಮಕ್ಕಳು ಅಪ್ಪ-ಅವ್ವನ ಹಿಂದೆ ಹೈದರಾಬಾದಿಗೆ, ಪುಣೆಗೆ ಹೋಗಿಬಿಟ್ಟಿದ್ದರು. ನನ್ನ ಗಂಡನೂ ಪುಣೆಯಲ್ಲೇ ಕಟ್ಟಡದ ಕೆಲಸದಲ್ಲಿದ್ದ. ಹಾಗಾಗಿ ಆಪರೇಷನ್ನಿಗೆ ಜೊತೆಗಿದ್ದದ್ದು ಠಾಣಾ ಕುಶನೂರಿನಿಂದ ಬಂದ ನನ್ನ ಅವ್ವ ಒಬ್ಬಳೇ.

ನನ್ನದು ಒಂದೇ ಹಟ. ಜನರಲ್ ಅನೆಸ್ತೇಶಿಯಾ ಕೊಟ್ಟು ಪೂರ್ತಿ ಮಲಗಿಸಬೇಕು, ಕೊಯ್ಯುವುದು ನನಗೆ ಗೊತ್ತೇ ಆಗಬಾರದು. ಆಸ್ಪತ್ರೆ ಓಡಾಟದಿಂದ ಅಷ್ಟು ಸಾಕಾಗಿ ಹೋಗಿತ್ತು.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅನೆಸ್ತೇಶಿಯಾ ಡಾಕ್ಟರಮ್ಮ ಕೇಳಿದರು, "ಅಕ್ಕೋರೇ, ಏನರೆ ತಿಂದೀರೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು, "ಏನೂ ತಿಂದಿಲ್ರಿ ಬಾಯಾರ. ಒಳ್ಳೆ ಕೆಲಸಕ್ಕ ಹೊಂಟಾಳಂತ ಒಂದು ಚಮಚ ಮೊಸರು-ಸಕ್ಕರಿ ಬಾಯಾಗ ಹಾಕೀನಿ. ಅದು ತಿಂದಂಗ ಅಲ್ಲಲ್ರಿ!"

ಆಪರೇಷನ್ ಮರುದಿನಕ್ಕೆ ಹೋಯಿತು.

ಅವ್ವ ಮೂಲೆಯಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಯ್ಯಲು ನನಗೆ ತ್ರಾಣವಿರಲಿಲ್ಲ. ಪರೀಕ್ಷೆಗೆ ಹೊರಟಾಗಲೂ, ನೌಕರಿಗೆ ಸೇರಲು ಹೊರಟಾಗಲೂ ಇದೇ ಚಮಚ ಚಪ್ಪರಿಸಿದವಳು ನಾನು. ಅಂದೂ ಅಷ್ಟೇ, ಕೇಳದೆ ಬಾಯಿ ತೆರೆದಿದ್ದೆ.

ಸಂಜೆ ಡಾಕ್ಟರಮ್ಮ ಮತ್ತೆ ಬಂದರು. ಅಷ್ಟರಲ್ಲಿ ನನ್ನ ಹಳೇ ದಮ್ಮು ಎದ್ದಿತ್ತು, ಎದೆ ಗೊರಗೊರ ಅನ್ನುತ್ತಿತ್ತು. ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಪೂರ್ತಿ ಮಲಗಿಸಿದರೆ ಗಂಟಲಲ್ಲಿ ಟ್ಯೂಬ್ ಹಾಕಿ ಮಶೀನಿನಿಂದ ಉಸಿರು ಕೊಡಬೇಕು, ಈ ಎದೆಗೆ ಅದು ಕಷ್ಟವಾಗಬಹುದು ಎಂದರು. ಇನ್ನೊಂದು ದಾರಿ ಬ್ಲಾಕ್. ಬೆನ್ನುಮೂಳೆಯ ಪಕ್ಕ ಸೂಜಿ ಹಾಕಿ ಆ ಭಾಗವನ್ನಷ್ಟೇ ಮರಗಟ್ಟಿಸುವುದು.

"ಅಂದ್ರ ನಾ ಎಚ್ಚರ ಇರ್ತೇನೇನ್ರಿ?"

"ಸ್ವಲ್ಪ ಮಂಪರು ಇರ್ತದ್ರಿ. ನೋವು ಇರಂಗಿಲ್ಲ. ಬ್ಲಾಕ್ ಸಾಲದಿದ್ರ ಪೂರ್ತಿ ಮಲಗಿಸ್ತೇವಿ. ಅದಕ್ಕೇ ನಾಳಿನೂ ಖಾಲಿ ಹೊಟ್ಟಿ." ಬಾಗಿಲಾಚೆ, ಮಾತು ಕೇಳಿಸದಷ್ಟು ದೂರ ಕೂತಿದ್ದ ಅವ್ವನ ಕಡೆ ನೋಡಿ ನಕ್ಕರು.

ನನಗೆ ನಗು ಬರಲಿಲ್ಲ. ಎಚ್ಚರವಿರುವ ಭಯ ಒಂದು ಕಡೆ, ಏಳದೇ ಹೋಗುವ ಭಯ ಇನ್ನೊಂದು ಕಡೆ. ಅತ್ತ ದರಿ, ಇತ್ತ ಪುಲಿ. ಕಡೆಗೆ ಬ್ಲಾಕಿಗೆ ಒಪ್ಪಿದೆ. ಅವ್ವನಿಗೆ ಹೇಳಲಿಲ್ಲ.

ಮರುದಿನ ಬೆನ್ನಿಗೆ ಸೂಜಿ ಚುಚ್ಚಿದ್ದು ಗೊತ್ತಾಯಿತು. ಆಮೇಲೆ ಎಡಗಡೆ ಬರೀ ಎಳೆದಾಟ, ಒತ್ತಾಟ. ಹಸಿರು ಬಟ್ಟೆಯ ಆಚೆ ಕತ್ತರಿ ಇಡುವ ಸದ್ದು. ಮಂಪರಿನಲ್ಲೂ ಒಮ್ಮೆ ಎದೆ ಹಗುರಾಯಿತು, ಹೋಯಿತು ಅಂತ ತಿಳಿಯಿತು. ಕಣ್ಣೀರು ಕಿವಿಗೆ ಇಳಿಯಿತು. ಕೈ ಕಟ್ಟಿದ್ದರು, ಒರೆಸಿಕೊಳ್ಳಲು ಆಗಲಿಲ್ಲ.

ಡಾಕ್ಟರಮ್ಮ ಬಗ್ಗಿದರು. "ನೋವಾಗ್ಲಿಕತ್ತದೇನ್ರಿ? ಔಷಧ ಹೆಚ್ಚು ಮಾಡ್ಲೇನ್ರಿ?"

"ಬ್ಯಾಡ್ರಿ. ನೋವಿಲ್ರಿ. ಅಳು ಬಂದದ, ಅಳ್ತೇನಿ."

ಅವರು ಹತ್ತಿಬಟ್ಟೆಯ ತುಂಡಿನಿಂದ ನನ್ನ ಕಣ್ಣು ಒರೆಸುತ್ತಾ ನಿಂತರು. ಆ ಕೈಗೆ ನಾನು ಋಣಿ. ಮುಂದೆ ಕೀಮೋ ಇದೆ, ಹೆಚ್ಚು ಆಸೆ ಇಟ್ಟುಕೊಂಡಿಲ್ಲ. ಉಸಿರಾಡುತ್ತಿದ್ದೇನೆ.

ವಾರ್ಡಿಗೆ ತಂದಾಗ ಅವ್ವ ಹೆದರುತ್ತಲೇ ನನ್ನ ಹಣೆ ಮುಟ್ಟಿದಳು.

"ಎಚ್ಚರಾದೇನ, ನನ್ನವ್ವಾ?"

"ಎಚ್ಚರನೇ ಇದ್ದೆ, ಯವ್ವಾ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನನ್ನ ಕಾಲ ಬಳಿ ಕೂತು, ಇಡೀ ವಾರ್ಡಿಗೆ ಕೇಳುವಂತೆ ಅತ್ತಳು.