ಆಲ್ಟಮಾಂಟ್ ಗುಡ್ಡದ ಐವತ್ತು

ಯಾರಾದರೂ ವಿಚಿತ್ರ ಅನುಭವ ಹೇಳತೊಡಗಿದರೆ ಮೊದಲು ಸಾಕ್ಷಿ ಕೇಳುವವನು ನಾನು. ಸಂಖ್ಯಾಶಾಸ್ತ್ರ ಓದಿದ್ದೇನೆ, ಮನುಷ್ಯನ ನೆನಪನ್ನು ಎಷ್ಟು ನಂಬಬೇಕೆಂಬುದು ಗೊತ್ತು. ಈ ಸಂಗತಿಗೆ ಮಾತ್ರ ಸಾಕ್ಷಿ ನಾನೇ. ಅದೇ ತೊಂದರೆ.

ಆಗ ನಾವು ಸ್ಯಾನ್ ಫ್ರಾನ್ಸಿಸ್ಕೋದ ಪೂರ್ವಕ್ಕಿರುವ ಟ್ರೇಸಿ ಎಂಬ ಊರಿನಲ್ಲಿದ್ದೆವು. ಹೆಂಡತಿ ಸುಧಾಳಿಗೆ ದಿನ ತುಂಬಿತ್ತು. ಹೊಟ್ಟೆಯಲ್ಲಿ ಮಗು ಕಾಲು ಕೆಳಗಾಗಿ ಕೂತಿತ್ತು. ನೋವು ಶುರುವಾದ ಕೂಡಲೇ ಗುಡ್ಡದಾಚೆಯ ಸ್ಯಾನ್ ರಮೋನ್ ಆಸ್ಪತ್ರೆಗೆ ಬನ್ನಿ ಎಂದು ಡಾಕ್ಟರು ಎಚ್ಚರಿಸಿದ್ದರು. ಅದು ಶುರುವಾದದ್ದು ಚಳಿಗಾಲದ ಒಂದು ಸೋಮವಾರ ಬೆಳಿಗ್ಗೆ, ದಟ್ಟ ಮಂಜು ಕವಿದಿದ್ದಾಗ. ಬಾಣಂತನಕ್ಕೆಂದು ಹಾಸನದಿಂದ ಬಂದಿದ್ದ ಅತ್ತೆ, ಈಗ ರಾಹುಕಾಲ, ಸ್ವಲ್ಪ ತಡೆಯಿರಿ ಎಂದರು. ನೋವಿನಲ್ಲೂ ಸುಧಾ, "ಅಮ್ಮಾ, ಇಂಡಿಯಾ ಟೈಮಾ, ಇಲ್ಲಿನ ಟೈಮಾ?" ಅಂದಳು. ಅತ್ತೆ ಕ್ಯಾಲೆಂಡರು ಹಿಡಿದು ಲೆಕ್ಕ ಹಾಕುವಷ್ಟರಲ್ಲಿ ನಾನು ಕಾರು ತೆಗೆದಿದ್ದೆ.

ಅಪಘಾತವಾಗಿ ಫ್ರೀವೇ ಮುಚ್ಚಿತ್ತು. ಆಲ್ಟಮಾಂಟ್ ಗುಡ್ಡ ಹತ್ತಿ ಲಿವರ್‌ಮೋರಿಗೆ ಇಳಿಯುವ ಹಳೆಯ ರಸ್ತೆಯೊಂದು ಪಕ್ಕದಲ್ಲೇ ಇದೆ. ಎಂದೂ ಹೋಗಿರದಿದ್ದರೂ ಅದನ್ನೇ ಹಿಡಿದೆ. ನಡುದಾರಿಯಲ್ಲಿ ಫೋನಿನ ಮ್ಯಾಪು ಕೈಕೊಟ್ಟಿತು. ರಸ್ತೆ ಕವಲಾದ ಕಡೆ ಯಾವ ಕಡೆಗೆಂದು ತಿಳಿಯದೆ ಬ್ರೇಕ್ ಹಾಕಿದೆ. ಸುಧಾ ನನ್ನ ತೋಳು ಹಿಡಿದು, "ನಿಲ್ಲಿಸ್ಬೇಡ, ಪ್ಲೀಸ್" ಅಂದಳು.

ಆಗ ಹಿಂದಿನ ಸೀಟಿನಿಂದ ಅತ್ತೆ ಶಾಂತವಾಗಿ ಹೇಳಿದರು: "ಐವತ್ತು ಅಂತ ಬೋರ್ಡ್ ಐತಲ್ಲ, ಆ ಕಡೆ ತಿರುಗ್ಸಿ."

ನೋಡಿದೆ. ಗುರಾಣಿಯಂಥ ಬಿಳಿ ಫಲಕ, ಅದರಲ್ಲಿ ಕಪ್ಪಗೆ 50, ಕೆಳಗೆ ಎಡಕ್ಕೆ ಬಾಣ. ತಿರುಗಿಸಿದೆ. ಆಸ್ಪತ್ರೆ ಸೇರಿದ ತಕ್ಷಣ ಆಪರೇಷನ್ ಮಾಡಿದರು. ಇನ್ನೂ ತಡವಾಗಿದ್ದರೆ ಮಗು ಉಳಿಯುತ್ತಿರಲಿಲ್ಲವಂತೆ. ಮಗಳು ಈಗ ಶಾಲೆಗೆ ಹೋಗುತ್ತಾಳೆ.

ಕೆಲವು ವಾರಗಳ ನಂತರ ಆ ಕವಲಿಗೆ ಹೋದೆ. ಫಲಕವಿರಲಿ, ಕಂಬ ನೆಟ್ಟ ಗುರುತೂ ಇರಲಿಲ್ಲ. ವೇಗಮಿತಿಯ ಫಲಕ ನೋಡಿರಬಹುದು ಎಂದುಕೊಂಡೆ. ಆದರೆ ಅದಕ್ಕೆ ಬಾಣವಿರುವುದಿಲ್ಲ; ಗುರಾಣಿಯ ಆಕಾರ ಇಲ್ಲಿ ಹೆದ್ದಾರಿ ನಂಬರಿನ ಫಲಕದ್ದು. ಮನೆಗೆ ಬಂದು ಹುಡುಕಿದಾಗ ತಿಳಿದದ್ದು ಇಷ್ಟು. ಅಟ್ಲಾಂಟಿಕ್ ದಡದಿಂದ ಹೊರಟು ನೆವಾಡಾದ ಮರುಭೂಮಿ ದಾಟಿ ಬರುವ ಹೆದ್ದಾರಿ 50 ಈಗ ಸಾಕ್ರಮೆಂಟೋ ಹತ್ತಿರ ಮುಗಿಯುತ್ತದೆ. ಹಿಂದೆ ಅದು ಇದೇ ಗುಡ್ಡ ಹತ್ತಿಳಿದು ಸ್ಯಾನ್ ಫ್ರಾನ್ಸಿಸ್ಕೋವರೆಗೂ ಬರುತ್ತಿತ್ತು. ಫ್ರೀವೇ ಬಂದ ಮೇಲೆ ಆ ನಂಬರನ್ನು ಈ ಕಡೆಯಿಂದ ತೆಗೆದರು, ನಾನು ಹುಟ್ಟುವುದಕ್ಕೂ ಮೊದಲೇ.

ಸುಧಾಳಿಗೆ ಆ ಪ್ರಯಾಣದಲ್ಲಿ ನೋವಿನ ಹೊರತು ಏನೂ ನೆನಪಿಲ್ಲ. ಮೊನ್ನೆ ಫೋನಿನಲ್ಲಿ ಅತ್ತೆಯನ್ನು ಕೇಳಿದೆ. ಅವರು ನಕ್ಕರು.

"ಯಾವ ಬೋರ್ಡು, ಅಳಿಯಂದ್ರೇ? ರಾಹುಕಾಲದಲ್ಲಿ ಹೊರಟ್ವಲ್ಲ ಅಂತ ಆಸ್ಪತ್ರೆ ಬರೋಗಂಟ ನಾನು ಕಣ್ಣೇ ಬಿಡ್ಲಿಲ್ಲ. ಐವತ್ತು, ಐವತ್ತು ಅಂತ ಅಂದಿದ್ದು ನೀವು."

ಆ ಹೆದ್ದಾರಿಯ ವಿಷಯ ಅಂದು ನನಗೆ ಗೊತ್ತೇ ಇರಲಿಲ್ಲ ಎಂದು ಧೈರ್ಯವಾಗಿ ಬರೆದು ಮುಗಿಸಬೇಕೆಂದಿದ್ದೆ. ಈಗ ಅದನ್ನೂ ಆಣೆಯಿಟ್ಟು ಹೇಳಲಾರೆ.